ವಾರಾನ್ನದಿಂದ ಆರ್‌ಡಿ ನಂಬರಿನವರೆಗೆ

ಸವದತ್ತಿ ತಾಲೂಕಿನ ಸಿರಸಂಗಿಗೆ ಹೋಗುವವರಲ್ಲಿ ಹೆಚ್ಚಿನವರು ಕಾಳಿಕಾದೇವಿಯ ದರ್ಶನಕ್ಕೆಂದು ಹೋಗುವರು. ಆದರೆ ಕಳೆದ ನೂರು ವರ್ಷಗಳಲ್ಲಿ ಈ ಸೀಮೆಯ ಬಡವರ ಮಕ್ಕಳು ದೊಡ್ಡ ಕಾಲೇಜುಗಳ ಮೆಟ್ಟಿಲು ಹತ್ತಿದ ಬಗೆಯನ್ನು ಅರಿಯಬೇಕೆನ್ನುವವರಿಗೆ ಆ ಊರು ಬೇರೊಂದು ಕಾರಣದಿಂದಲೂ ಯಾತ್ರಾಸ್ಥಳವಾಗಿದೆ. ನವಲಗುಂದ-ಸಿರಸಂಗಿ ಸಂಸ್ಥಾನದ ದೇಸಾಯಿಯವರಾದ ಲಿಂಗರಾಜರು 1861ರಲ್ಲಿ ಜನಿಸಿ 1906ರಲ್ಲಿ ದಿವಂಗತರಾದರು. ಸಂತಾನವಿಲ್ಲದ ಆ ದೊರೆಮನುಷ್ಯರು ತಮ್ಮ ಸಂಸ್ಥಾನದ ಆಸ್ತಿಯನ್ನು ಮೃತ್ಯುಪತ್ರದ ಮೂಲಕ ಸಮಾಜದ ಮಕ್ಕಳ ವಿದ್ಯೆಗೆಂದು ಬಿಟ್ಟುಹೋದರು. ಅವರ ಹೆಸರಿನ ಹಿಂದೆ ಜನರು ಇಂದಿಗೂ ‘ತ್ಯಾಗವೀರ’ ಎಂಬ ಬಿರುದನ್ನು ಸೇರಿಸಿಯೇ ನುಡಿಯುವರು. ಬೆಳಗಾವಿಯಲ್ಲಿ 1933ರಲ್ಲಿ ಆರಂಭವಾದ ಲಿಂಗರಾಜ ಕಾಲೇಜು ಅವರ ನಾಮಾಂಕಿತವೇ ಆಗಿದೆ.

ದೇಸಾಯಿಯವರ ಕಾಲದಲ್ಲಿ ಕಾಲೇಜೆಂಬುದು ಬೈಲಹೊಂಗಲ, ಸವದತ್ತಿ, ಕಿತ್ತೂರು, ರಾಮದುರ್ಗ ಈ ನಾಲ್ಕು ಊರುಗಳಿಗೆ ಎಷ್ಟು ದೂರದ್ದಾಗಿದ್ದಿತೆಂಬುದನ್ನು ಇಂದಿನ ತರುಣರು ಊಹಿಸಿಕೊಳ್ಳುವುದು ಕಷ್ಟ. ಬೈಲಹೊಂಗಲವು ಆಗ ಸಂಪಗಾವ ತಾಲೂಕಿನ ಕಚೇರಿಯ ಊರು; ಸವದತ್ತಿಯು ಪರಸಗಡ ತಾಲೂಕಿನದು; ಕಿತ್ತೂರು ಪಾಳುಬಿದ್ದ ಅರಮನೆಯ ಸುತ್ತಲಿನ ಒಂದು ಗ್ರಾಮ; ರಾಮದುರ್ಗವಂತೂ 1948ರವರೆಗೆ ಬ್ರಿಟಿಷ್ ಜಿಲ್ಲೆಗೆ ಸೇರದ, ತನ್ನದೇ ಅರಸನುಳ್ಳ ಪುಟ್ಟ ಸಂಸ್ಥಾನ. ಹೈಸ್ಕೂಲಿಗೆ ಬೆಳಗಾವಿ ಅಥವಾ ಧಾರವಾಡ, ಕಾಲೇಜಿಗೆ ಪುಣೆಯ ಫರ್ಗ್ಯುಸನ್ ಅಥವಾ ಡೆಕ್ಕನ್, ಇಲ್ಲವಾದರೆ ಮುಂಬಯಿ. ಅರಟಾಳ ರುದ್ರಗೌಡರು, ರೊದ್ದ ಶ್ರೀನಿವಾಸರಾಯರು ಮೊದಲಾದವರ ಎಡೆಬಿಡದ ಪ್ರಯತ್ನದಿಂದ 1917ರಲ್ಲಿ ಧಾರವಾಡಕ್ಕೆ ಕರ್ನಾಟಕ ಕಾಲೇಜು ಬರುವವರೆಗೆ ಕನ್ನಡ ಜಿಲ್ಲೆಗಳ ಹುಡುಗನು ಪದವಿಗಾಗಿ ಮರಾಠಿಯ ನಾಡಿಗೆ ಹೋಗಿ, ಮರಾಠಿಯಲ್ಲಿ ಊಟ ಕೇಳಿ, ಇಂಗ್ಲಿಷಿನಲ್ಲಿ ಪಾಠ ಕಲಿಯಬೇಕಾಗಿದ್ದಿತು.

ಇಲ್ಲಿ ಗಮನಿಸತಕ್ಕ ವಿಶೇಷವೊಂದುಂಟು. ಆ ಕಾಲದಲ್ಲಿ ಕಾಲೇಜಿನ ಪ್ರವೇಶವೆಂಬುದು ಇಂದಿನಂತೆ ದೊಡ್ಡ ಸಮಸ್ಯೆಯೇ ಆಗಿರಲಿಲ್ಲ. ಮುಂಬಯಿ ವಿಶ್ವವಿದ್ಯಾಲಯದ ಮ್ಯಾಟ್ರಿಕ್ ಪರೀಕ್ಷೆಯನ್ನು ದಾಟಿದವನಿಗೆ ಕಲಾ ಕಾಲೇಜಿನ ಬಾಗಿಲು ಬಹುಮಟ್ಟಿಗೆ ತೆರೆದೇ ಇರುತ್ತಿದ್ದಿತು, ಏಕೆಂದರೆ ಅದನ್ನು ದಾಟಿದವರೇ ವಿರಳ. ಕಷ್ಟವೆಲ್ಲ ಮ್ಯಾಟ್ರಿಕ್ಕಿನವರೆಗೆ ತಲಪುವುದರಲ್ಲಿ, ತಲಪುವ ತನಕ ಪರಸ್ಥಳದಲ್ಲಿ ಹೊಟ್ಟೆ ಹೊರೆಯುವುದರಲ್ಲಿ ಇದ್ದಿತು. ಆದುದರಿಂದ ಅಂದಿನ ಸಹಾಯವು ಬಹುತೇಕ ಅನ್ನದ ರೂಪದಲ್ಲಿಯೇ ಬಂದಿತು. ಬ್ರಾಹ್ಮಣರ ಹುಡುಗರಿಗೆ ವಾರಾನ್ನ: ಸೋಮವಾರ ವಕೀಲರ ಮನೆ, ಮಂಗಳವಾರ ಮಾಸ್ತರರ ಮನೆ, ಬುಧವಾರ ದೂರದ ಸಂಬಂಧಿಕರದು, ಹೀಗೆ ಏಳು ಮನೆಗಳು ಕೂಡಿದರೆ ವಾರ ತುಂಬಿತು, ಆರೇ ದೊರೆತರೆ ಒಂದು ದಿನ ಚುರಮುರಿಯೊಡನೆ ನೀರು. ಮಡಿಯುಟ್ಟು, ಬಾಳೆಲೆಯ ಮುಂದೆ ತಲೆ ತಗ್ಗಿಸಿ ಕುಳಿತು, ಮನೆಯ ಮಕ್ಕಳಿಗೆ ಬಡಿಸಿದ ತುಪ್ಪ ತನ್ನ ಎಲೆಗೆ ಬರುವುದೋ ಇಲ್ಲವೋ ಎಂದು ನೋಡದಂತೆ ನಟಿಸುವ ಆ ವಿದ್ಯೆಯೂ ಒಂದು ವಿದ್ಯೆಯೇ; ಅದಕ್ಕೆ ಯಾವ ವಿಶ್ವವಿದ್ಯಾಲಯವೂ ಅಂಕ ಕೊಡಲಿಲ್ಲ.

ಲಿಂಗಾಯತ ಸಮಾಜದಲ್ಲಿ ಈ ಕಾರ್ಯವನ್ನು ಮಠಗಳು ಸಾಮೂಹಿಕವಾಗಿ ವಹಿಸಿಕೊಂಡವು. ಬೈಲಹೊಂಗಲ ತಾಲೂಕಿನ ನಾಗನೂರಿನ ರುದ್ರಾಕ್ಷಿಮಠದ ಶಿವಬಸವ ಸ್ವಾಮಿಗಳು 1932ರಲ್ಲಿ ಬೆಳಗಾವಿಯಲ್ಲಿ ವಿದ್ಯಾರ್ಥಿಗಳಿಗಾಗಿ ಉಚಿತ ಪ್ರಸಾದನಿಲಯವನ್ನು ತೆರೆದರು; ಧಾರವಾಡದಲ್ಲಿ ಮುರುಘಾಮಠದ ಮೃತ್ಯುಂಜಯ ಅಪ್ಪಗಳು ಅದೇ ಕೈಂಕರ್ಯವನ್ನು ನಡೆಸಿದರು. ಭಕ್ತರ ಹೊಲದ ಜೋಳ ಮಠದ ಹಗೇವಿಗೆ ಬಂದು, ಅಲ್ಲಿಂದ ರೊಟ್ಟಿಯಾಗಿ ಹುಡುಗರ ತಾಟಿಗೆ ಬೀಳುತ್ತಿದ್ದಿತು. ಇದಕ್ಕೂ ಮೊದಲೇ, 1916ರಲ್ಲಿ, ಬಸವನಾಳ, ಸಾಖರೆ, ಹಂಚಿನಾಳ, ಕಟ್ಟೀಮನಿ, ಮಮದಾಪುರ ಮೊದಲಾದ ತರುಣ ವಿದ್ಯಾವಂತರು ಭಾರಿ ಸಂಬಳದ ಸರಕಾರಿ ಹುದ್ದೆಗಳ ಕಡೆಗೆ ಕಣ್ಣೆತ್ತಿ ನೋಡದೆ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿ ಶಾಲೆಯೊಂದನ್ನು ತೆರೆದಿದ್ದರು. ದಾನಿ, ಗುರು, ಮಠ ಈ ಮೂವರ ಕೂಟದಿಂದ ಹಳ್ಳಿಯ ಹುಡುಗನು ಇಂಗ್ಲಿಷ್ ಮೂರನೆಯ ಇಯತ್ತೆಯಿಂದ ಬಿ.ಎ.ವರೆಗೆ ಹೇಗೋ ದಡ ಸೇರುತ್ತಿದ್ದನು. ಗೋಕಾಕ ತಾಲೂಕಿನ ಮಮದಾಪುರದಲ್ಲಿ 1899ರಲ್ಲಿ ಹುಟ್ಟಿದ ಡಿ.ಸಿ. ಪಾವಟೆಯವರು ಕೇಂಬ್ರಿಜ್ಜಿಗೆ ಹೋಗಿ ರ‍್ಯಾಂಗ್ಲರ್ ಆಗಿ ಮರಳಿದರು, ಮುಂದೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳಾದರು ಎಂಬುದು ಈ ಭಾಗದ ತಂದೆತಾಯಿಗಳು ಮಕ್ಕಳಿಗೆ ಹೇಳುವ ಕಥೆಯಾಗಿ ಬಹುಕಾಲ ಉಳಿಯಿತು.

ಈ ದಾನಪರಂಪರೆಯನ್ನು ಹೊಗಳುವಾಗ ಅದರ ಸೀಮೆಗಳನ್ನು ಮರೆಮಾಚುವುದು ನ್ಯಾಯವಲ್ಲ. ವಾರಾನ್ನವು ಜಾತಿಯ ಪಂಕ್ತಿಯಲ್ಲಿ ದೊರೆಯುತ್ತಿದ್ದಿತು. ಪ್ರಸಾದನಿಲಯಗಳು ಬಹುಕಾಲ ಸ್ವಸಮಾಜದ ಮಕ್ಕಳನ್ನೇ ಮೊದಲು ನೆನೆದವು. ಹೊಲೆಮಾದಿಗರ ಓಣಿಯ ಹುಡುಗನಿಗೆ ಎರಡೂ ಇಲ್ಲ. ಅವನ ಪಾಲಿಗೆ ಡಾಕ್ಟರ್ ಅಂಬೇಡ್ಕರರ ಪ್ರೇರಣೆಯಿಂದ ಧಾರವಾಡದಲ್ಲಿ ತೆರೆದ ವಸತಿಗೃಹ, ಹುಡುಗಿಯರ ಪಾಲಿಗೆ ಹುಬ್ಬಳ್ಳಿಯಲ್ಲಿ ಸರದಾರ ವೀರನಗೌಡ ಪಾಟೀಲ ಮತ್ತು ನಾಗಮ್ಮನವರು ನಡೆಸಿದ ಬಾಲಿಕಾಶ್ರಮ, ಇಂತಹ ಕೆಲವೇ ಆಸರೆಗಳು. 1944ರಲ್ಲಿ ಭಾರತ ಸರಕಾರವು ಪರಿಶಿಷ್ಟ ಜಾತಿಗಳ ವಿದ್ಯಾರ್ಥಿಗಳಿಗೆ ಮ್ಯಾಟ್ರಿಕ್ ನಂತರದ ವಿದ್ಯಾರ್ಥಿವೇತನವನ್ನು ಆರಂಭಿಸಿದುದು ನನ್ನ ದೃಷ್ಟಿಯಲ್ಲಿ ಈ ಸಮಗ್ರ ಇತಿಹಾಸದ ಅತ್ಯಂತ ಮಹತ್ತ್ವದ ತಿರುವು. ಏಕೆಂದರೆ ಅಂದಿನಿಂದ ಸಹಾಯವು ದಾತೃವಿನ ಕೃಪೆಯಾಗಿರದೆ, ಅರ್ಜಿ ಹಾಕಿ ಕೇಳಬಹುದಾದ ಹಕ್ಕಾಯಿತು. ಕೈಮುಗಿಯುವ ಬದಲು ಸಹಿ ಮಾಡುವುದು ಬಂದಿತು. ಸಹಿಯ ಹಿಂದೆ ಕಚೇರಿಯೂ, ಕಚೇರಿಯ ಹಿಂದೆ ಕಾಯುವಿಕೆಯೂ ಬಂದವೆಂಬುದು ಬೇರೆ ಮಾತು.

ಸ್ವಾತಂತ್ರ್ಯಾನಂತರ ಪ್ರಶ್ನೆಯ ಸ್ವರೂಪವೇ ಬದಲಾಯಿತು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಸ್ಥಾಪಿತವಾಗಿ ಮರುವರ್ಷ ಧಾರವಾಡಕ್ಕೆ ಬಂದಿತು. ಕ್ರಮೇಣ ತಾಲೂಕು ಊರುಗಳಲ್ಲಿಯೂ ಪದವಿ ಕಾಲೇಜುಗಳಾದವು. ರಾಮದುರ್ಗದ ಕಾಲೇಜಿನ ಫಲಕವನ್ನು ಓದಿದವರಿಗೆ ಕಲೆಗೊಬ್ಬರು ಬೆಂಬಳಗಿ, ವಿಜ್ಞಾನಕ್ಕೊಬ್ಬರು ಪಾಲರೇಶಾ, ವಾಣಿಜ್ಯಕ್ಕೊಬ್ಬರು ರಾಠಿ ಎಂದು ಊರಿನ ದಾನಿಗಳು ಒಂದೊಂದು ವಿಭಾಗವನ್ನು ಹಂಚಿಕೊಂಡು ನಿಂತಿರುವುದು ಕಾಣುವುದು. ಅಷ್ಟುದ್ದದ ಹೆಸರಿನ ಕಾಲೇಜು ಬೇರೆಲ್ಲಿಯಾದರೂ ಇದ್ದೀತೋ ಇಲ್ಲವೋ. ಹೀಗೆ ಬಿ.ಎ. ಎಂಬುದು ಮನೆಯ ಬಾಗಿಲಿಗೇ ಬಂದಾಗ ಅದರ ಪ್ರತಿಷ್ಠೆ ಇಳಿದು, ಜನರ ಕಣ್ಣು ವೈದ್ಯಕೀಯ ಮತ್ತು ಇಂಜಿನಿಯರಿಂಗ್ ಕಾಲೇಜುಗಳ ಕಡೆಗೆ ಹೊರಳಿತು. ಹುಬ್ಬಳ್ಳಿಯಲ್ಲಿ 1947ರಲ್ಲಿ ಭೂಮರೆಡ್ಡಿ ಇಂಜಿನಿಯರಿಂಗ್ ಕಾಲೇಜು, 1957ರಲ್ಲಿ ಸರಕಾರಿ ಮೆಡಿಕಲ್ ಕಾಲೇಜು, ಬೆಳಗಾವಿಯಲ್ಲಿ 1963ರಲ್ಲಿ ಜವಾಹರಲಾಲ ನೆಹರೂ ಮೆಡಿಕಲ್ ಕಾಲೇಜು ಆದವಷ್ಟೆ. ಸೀಟುಗಳು ಕೆಲವು, ಕೇಳುವವರು ಸಾವಿರಾರು. ‘ಸೀಟು’ ಎಂಬ ಮಾತು ಕನ್ನಡದ ಮನೆಮಾತಾದುದು ಆಗಲೇ.

1956ರಲ್ಲಿ ಬೆಳಗಾವಿ ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರಿತು. ಅಂದಿನಿಂದ ನಮ್ಮ ಹುಡುಗರ ಸೀಟಿನ ನಿಯಮಗಳನ್ನು ಮುಂಬಯಿಯ ಬದಲು ಬೆಂಗಳೂರು ಬರೆಯತೊಡಗಿತು. 1962ರ ಜುಲೈ 31ರ ಆಜ್ಞೆಯಂತೆ ಸರಕಾರವು ವೃತ್ತಿಶಿಕ್ಷಣದ ಸೀಟುಗಳಲ್ಲಿ ನೂರಕ್ಕೆ 50ನ್ನು ಹಿಂದುಳಿದ ವರ್ಗಗಳಿಗೂ, 15ನ್ನು ಪರಿಶಿಷ್ಟ ಜಾತಿಗಳಿಗೂ, 3ನ್ನು ಪರಿಶಿಷ್ಟ ಪಂಗಡಗಳಿಗೂ ಕಾದಿರಿಸಿತು. ಬಾಲಾಜಿ ಮೊಕದ್ದಮೆಯೆಂದು ಪ್ರಸಿದ್ಧವಾದ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು ಈ 68ರ ಲೆಕ್ಕವನ್ನು ತಳ್ಳಿಹಾಕಿ, ಕಾದಿರಿಸುವಿಕೆಯು ಸಾಮಾನ್ಯವಾಗಿ ನೂರಕ್ಕೆ 50ನ್ನು ಮೀರಕೂಡದೆಂದು ಹೇಳಿತು. ದೇಶವು ಇಂದಿಗೂ ಚರ್ಚಿಸುತ್ತಿರುವ ಆ ಮಿತಿಯ ಮೂಲ ನಮ್ಮ ರಾಜ್ಯದ ಮೆಡಿಕಲ್ ಮತ್ತು ಇಂಜಿನಿಯರಿಂಗ್ ಸೀಟುಗಳಲ್ಲಿದೆ. ತೀರ್ಪನ್ನು ಬರೆದ ನ್ಯಾಯಮೂರ್ತಿ ಗಜೇಂದ್ರಗಡಕರರು ತಾರುಣ್ಯದಲ್ಲಿ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿಯೇ ಎರಡು ವರ್ಷ ಓದಿದವರೆಂಬುದನ್ನು ಬಹಳ ಜನ ಬಲ್ಲರೋ ಇಲ್ಲವೋ ಕಾಣೆ.

ಎರಡೇ ವರ್ಷಗಳ ಬಳಿಕ, 1964ರಲ್ಲಿ, ಚಿತ್ರಲೇಖಾ ಮೊಕದ್ದಮೆ ಬಂದಿತು. ಮೆಡಿಕಲ್ ಮತ್ತು ಇಂಜಿನಿಯರಿಂಗ್ ಪ್ರವೇಶಕ್ಕೆ ಪರೀಕ್ಷೆಯ ಅಂಕಗಳೊಡನೆ, ಐಚ್ಛಿಕ ವಿಷಯಗಳ ಗರಿಷ್ಠ ಅಂಕದ ನಾಲ್ಕನೆಯ ಒಂದರಷ್ಟನ್ನು ಸಂದರ್ಶನಕ್ಕೆ ಮೀಸಲಿಡಲಾಗಿದ್ದಿತು. ಸಾಮಾನ್ಯಜ್ಞಾನ, ವ್ಯಕ್ತಿತ್ವ, ಎನ್‌ಸಿಸಿ, ಆಟೋಟ, ಚರ್ಚಾಕೂಟ, ನಾಟಕ ಇವೆಲ್ಲ ಅದರಲ್ಲಿ ಪರಿಗಣಿತವಾಗುತ್ತಿದ್ದವು. ಕೋರ್ಟು ಸಂದರ್ಶನವನ್ನು ಸಿಂಧುವೆಂದೇ ಎಣಿಸಿತು. ಆದರೆ ಮುರಗೋಡಿನಿಂದಲೋ ಕಟಕೋಳದಿಂದಲೋ ಬಂದ ಹುಡುಗನು ಬೆಂಗಳೂರಿನ ಮೇಜಿನ ಮುಂದೆ ನಿಂತು ತನ್ನ ‘ವ್ಯಕ್ತಿತ್ವ’ವನ್ನು ಇಂಗ್ಲಿಷಿನಲ್ಲಿ ಪ್ರದರ್ಶಿಸಬೇಕಾದಾಗ ಏನಾಗುತ್ತಿದ್ದಿರಬೇಕೆಂಬುದನ್ನು ವಿವರಿಸಬೇಕಾದುದಿಲ್ಲ. ಈ ವಿಷಯದಲ್ಲಿ ನಾವು ಒಂಟಿಯಲ್ಲ. ಅಮೆರಿಕೆಯ ಹಾರ್ವರ್ಡ್ ವಿಶ್ವವಿದ್ಯಾಲಯವು 1920ರ ದಶಕದಲ್ಲಿ, ಬರಿಯ ಪರೀಕ್ಷೆಯಲ್ಲಿ ಯಹೂದಿ ಹುಡುಗರು ಹೆಚ್ಚು ಸಂಖ್ಯೆಯಲ್ಲಿ ಗೆಲ್ಲತೊಡಗಿದ್ದನ್ನು ಕಂಡು, ಶೀಲ ಸ್ವಭಾವಗಳನ್ನು ಅಳೆಯುವ ಪದ್ಧತಿಯನ್ನು ಪ್ರವೇಶದಲ್ಲಿ ತಂದು ಅವರ ಸಂಖ್ಯೆಯನ್ನು ತಗ್ಗಿಸಿತು. ಬಾಗಿಲಲ್ಲಿ ನಿಂತವನಿಗೆ ಅಂಕಗಳಾಚೆಗಿನದನ್ನು ಅಳೆಯುವ ಅಧಿಕಾರ ಕೊಟ್ಟಾಗಲೆಲ್ಲ, ಅವನ ಅಳತೆಗೋಲು ತನ್ನ ಮನೆಯವರನ್ನು ಹೋಲುವವರಿಗೇ ಸರಿಹೊಂದಿದೆ.

ಅಂಕವೂ ಸಾಲದು, ಸಂದರ್ಶನವೂ ಆಗದು ಎಂಬವರಿಗೆ ಮೂರನೆಯ ದಾರಿ ಬೇಗನೆ ತೆರೆಯಿತು. 1953ರಲ್ಲಿ ಮಣಿಪಾಲದಲ್ಲಿ ಆರಂಭವಾದ ಖಾಸಗಿ ಮೆಡಿಕಲ್ ಕಾಲೇಜಿನ ಬಳಿಕ ರಾಜ್ಯದಲ್ಲಿ ಸರಕಾರದ ಹಂಗಿಲ್ಲದ ಕಾಲೇಜುಗಳು ಹೆಚ್ಚಿದವು. ಎಪ್ಪತ್ತು ಎಂಬತ್ತರ ದಶಕಗಳಲ್ಲಿ ‘ಡೊನೇಶನ್’ ಎಂಬುದು, ಅದನ್ನು ಕೊಡುವವನಿಗೆ ದಾನದ ಪುಣ್ಯವಾಗಲಿ ತೆಗೆದುಕೊಳ್ಳುವವನಿಗೆ ದಾನಿಯ ಋಣವಾಗಲಿ ತಟ್ಟದ ಒಂದು ವ್ಯವಹಾರವಾಯಿತು. ಹೊಲದ ಉತಾರ ಹಿಡಿದು ಸಾಹುಕಾರನ ಕಟ್ಟೆಗೆ ಹೋದ ಒಕ್ಕಲಿಗರನ್ನು ಈ ಸೀಮೆ ಕಂಡಿದೆ. ಕ್ಯಾಪಿಟೇಶನ್ ಶುಲ್ಕವನ್ನು ನಿಷೇಧಿಸುವ ಕಾಯಿದೆಯನ್ನು ರಾಜ್ಯವು 1984ರಲ್ಲಿ ಮಾಡಿತು. ಆದರೂ ಈ ಶುಲ್ಕವನ್ನು ಪ್ರಶ್ನಿಸಿದ ಮೋಹಿನಿ ಜೈನ್ ಮೊಕದ್ದಮೆ 1992ರಲ್ಲಿ ಇತ್ಯರ್ಥವಾಗುವ ಹೊತ್ತಿಗೆ ಖಾಸಗಿ ಮೆಡಿಕಲ್ ಕಾಲೇಜಿನಲ್ಲಿ ಸರಕಾರಿ ಸೀಟಿನವನಿಗೆ ವರ್ಷಕ್ಕೆ 2,000, ರಾಜ್ಯದ ಇತರರಿಗೆ 25,000, ಹೊರಗಿನವರಿಗೆ 60,000 ರೂಪಾಯಿಗಳವರೆಗೆ ಎಂದು ಸರಕಾರದ ಅಧಿಸೂಚನೆಯೇ ದರಪಟ್ಟಿಯನ್ನು ಒಪ್ಪಿಕೊಂಡಿದ್ದಿತು.

ಸುಪ್ರೀಂ ಕೋರ್ಟಿನ 1993ರ ಉನ್ನಿಕೃಷ್ಣನ್ ತೀರ್ಪು ಇದಕ್ಕೊಂದು ಉಪಾಯವನ್ನು ಕಂಡುಹಿಡಿಯಿತು: ಅರ್ಧ ಸೀಟುಗಳು ‘ಫ್ರೀ’, ಅರ್ಧ ‘ಪೇಮೆಂಟ್’, ಎರಡನೆಯವರ ಹಣದಿಂದ ಮೊದಲನೆಯವರ ಓದು. ಅದರ ಬೆನ್ನಲ್ಲೇ 1994ರಲ್ಲಿ ಸಿಇಟಿ ಎಂಬ ಸಾಮಾನ್ಯ ಪ್ರವೇಶಪರೀಕ್ಷೆ ಬಂದಿತು. ಸಂದರ್ಶನದ ಮೇಜೂ ಶಿಫಾರಸಿನ ಚೀಟಿಯೂ ಅದರಿಂದ ಹೋದವೆಂಬುದು ಸಣ್ಣ ಲಾಭವಲ್ಲ. ಮಂತ್ರಿಯ ಮಗನೂ ಹಮಾಲನ ಮಗನೂ ಒಂದೇ ಹಾಳೆಯ ಮೇಲೆ ಗುಂಡಗೆ ಕಪ್ಪು ಮಾಡುವ ಆ ನೋಟವನ್ನು ನಾನು ಇಂದಿಗೂ ಗೌರವಿಸುವೆನು. ಆದರೆ ಉಪಾಯದೊಳಗೊಂದು ಅಪಾಯವಿದ್ದಿತು. ಫ್ರೀ ಸೀಟು ಬಡವನಿಗಲ್ಲ, ಮೇಲಿನ ರ‍್ಯಾಂಕಿಗೆ. ಮೇಲಿನ ರ‍್ಯಾಂಕು ಬಹುಮಟ್ಟಿಗೆ ಪಟ್ಟಣದ ಒಳ್ಳೆಯ ಶಾಲೆಯ, ಉಳ್ಳವರ ಮನೆಯ ಮಕ್ಕಳಿಗೆ. ಕೆಳಗಿನ ರ‍್ಯಾಂಕಿನ ಹಳ್ಳಿಯವನು ಹೊಲ ಮಾರಿ ಪೇಮೆಂಟ್ ಸೀಟು ಹಿಡಿದರೆ, ಅವನ ದುಡ್ಡಿನಲ್ಲಿ ಡಾಕ್ಟರರ ಮಗನು ಪುಕ್ಕಟೆ ಡಾಕ್ಟರನಾಗುವ ವಿಚಿತ್ರ ದಾನಧರ್ಮ ಅದಾಗಿದ್ದಿತು. 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠವು ಈ ದೋಷವನ್ನೂ ಎತ್ತಿ ಹೇಳಿ ಆ ಯೋಜನೆಯನ್ನು ರದ್ದುಗೊಳಿಸಿತು. ಬಳಿಕ ಖಾಸಗಿ ಕಾಲೇಜುಗಳ ಪರೀಕ್ಷೆಯಾದ ಕಾಮೆಡ್‌ಕೆ, ಮ್ಯಾನೇಜ್‌ಮೆಂಟ್ ಕೋಟಾ, ಎನ್‌ಆರ್‌ಐ ಕೋಟಾ ಎಂದು ಬಾಗಿಲುಗಳು ಹಲವಾದವು. 2016ರ ಬಳಿಕ ವೈದ್ಯಕೀಯಕ್ಕೆ ನೀಟ್ ಎಂಬ ಅಖಿಲ ಭಾರತದ ಒಂದೇ ಹೆಬ್ಬಾಗಿಲಾಯಿತು.

ಹಳ್ಳಿಯವನನ್ನು ಸಿಇಟಿಯು ಪೂರ್ತಿ ಮರೆಯಿತೆಂದರೆ ತಪ್ಪಾದೀತು. ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ನೂರಕ್ಕೆ 15, ಅದೇ ಹತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ 5, ಪ್ರತಿಯೊಂದು ವರ್ಗದ ಒಳಗೂ ಕಾದಿರಿಸಲ್ಪಟ್ಟಿವೆ. ಈ ನಿಯಮದ ಫಲಾಫಲಗಳು ವಿಚಿತ್ರವಾಗಿವೆ. ಬೈಲಹೊಂಗಲ ಪಟ್ಟಣದ ಕೂಲಿಯವನ ಮಗಳಿಗೆ ಗ್ರಾಮೀಣ ಕೋಟಾ ಇಲ್ಲ. ಮೂರು ಮೈಲಿಯಾಚೆಯ ಹಳ್ಳಿಯಲ್ಲಿ ಓದಿದ, ಅವಳಿಗಿಂತ ಅನುಕೂಲವಂತರ ಮಗಳಿಗೆ ಉಂಟು. ಕಿತ್ತೂರು ಈಗ ಪಟ್ಟಣ ಪಂಚಾಯಿತಿಯಾಗಿದೆ. ಊರಿಗೆ ಬಡ್ತಿ ಬಂದಾಗ ಅಲ್ಲಿಯ ಮಕ್ಕಳು ಗ್ರಾಮೀಣರಾಗಿ ಉಳಿಯುವುದಿಲ್ಲ. ಬೆಳಗಾವಿ ಜಿಲ್ಲೆಯು ಸಂವಿಧಾನದ 371ಜೆ ವಿಧಿಯ ಸೌಲಭ್ಯವುಳ್ಳ ಕಲ್ಯಾಣ ಕರ್ನಾಟಕದಲ್ಲಿಯೂ ಸೇರಿಲ್ಲವಾದುದರಿಂದ, ರಾಮದುರ್ಗದ ಬೆದ್ದಲ ಭೂಮಿಯ ರೈತನ ಮಗನಿಗೆ ಪ್ರಾದೇಶಿಕ ಮೀಸಲಾತಿಯ ಆಸರೆಯಿಲ್ಲ.

ಮತ್ತು ಈ ಸೌಲಭ್ಯಗಳೆಲ್ಲವೂ ಕಾಗದದ ಮೇಲೆ ನಿಂತಿವೆ. ಸಿಇಟಿ ಅರ್ಜಿಯ ಹಂಗಾಮಿನಲ್ಲಿ ಸವದತ್ತಿಯ ಬಸ್ ನಿಲ್ದಾಣದ ಆಸುಪಾಸಿನ ಯಾವುದಾದರೊಂದು ಕಂಪ್ಯೂಟರ್ ಸೆಂಟರಿನಲ್ಲಿ ಅರ್ಧ ತಾಸು ಕುಳಿತವನಿಗೆ ಇದರ ಅರಿವಾಗುವುದು. ಜಾತಿ ಮತ್ತು ಆದಾಯ ಪ್ರಮಾಣಪತ್ರದ ತಲೆಯ ಮೇಲೆ ‘ಆರ್‌ಡಿ’ ಎಂಬ ಎರಡು ಅಕ್ಷರಗಳೂ ಅವುಗಳ ಹಿಂದೆ ಅಂಕಿಗಳ ಸಾಲೂ ಇರುವವು. ಆ ಆರ್‌ಡಿ ನಂಬರನ್ನು ಅರ್ಜಿಯಲ್ಲಿ ತುಂಬಿದರೆ ಹುಡುಗನ ಜಾತಿಯೂ ತಂದೆಯ ಆದಾಯವೂ ಕಂಪ್ಯೂಟರಿಗೆ ತಾವಾಗಿಯೇ ತಿಳಿಯುವವು. ತುಂಬುವಾಗ ಪ್ರಮಾಣಪತ್ರದ ಹೆಸರಿಗೂ ಮಾರ್ಕ್ಸ್‌ಕಾರ್ಡಿನ ಹೆಸರಿಗೂ ಒಂದು ಅಕ್ಷರದ ಅಂತರವಿದ್ದರೆ ಮತ್ತೆ ನಾಡಕಚೇರಿ. ಗ್ರಾಮೀಣ ವ್ಯಾಸಂಗ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿ, ಅಂದರೆ ಬಿಇಒ ಅವರ ಮೇಲುಸಹಿ ಬೇಕು.

“ಕಾಕಾರ, ರೂರಲ್ ಸರ್ಟಿಫಿಕೇಟಿನ ಮ್ಯಾಲ ಬಿಇಒ ಸಾಹೇಬ್ರ ಸಹಿನ ಇಲ್ಲಲ್ರೀ” ಎನ್ನುವನು ಸೆಂಟರಿನ ಹುಡುಗ.

“ಹೆಡ್‌ಮಾಸ್ತರ್ ಮಾಡ್ಯಾರಲ್ಲೋ ತಮ್ಮಾ, ಅಷ್ಟ ಸಾಲೂದಿಲ್ಲೇನು?” ಎನ್ನುವನು ಯರಗಟ್ಟಿಯ ಕಡೆಯ ಒಬ್ಬ ರೈತ.

“ಸಾಲೂದಿಲ್ರಿ. ನಾಳೆ ಸಹಿ ಮಾಡಿಸ್ಕೊಂಡು ಬರ್ರಿ, ಲಾಸ್ಟ್ ಡೇಟ್ ಇನ್ನಾ ಐತಿ.”

ಆ ರೈತನ ನಾಳಿನ ದಿನಗೂಲಿ, ಬಸ್ ಚಾರ್ಜು, ಒಂದು ಹೊತ್ತಿನ ಊಟ ಇವು ಯಾವ ಆಯವ್ಯಯ ಪತ್ರಿಕೆಯಲ್ಲಿಯೂ ವಿದ್ಯಾಭ್ಯಾಸದ ವೆಚ್ಚವೆಂದು ದಾಖಲಾಗವು.

ಇತ್ತ ಪ್ರತಿಷ್ಠಿತ ವಿದ್ಯಾಲಯವೇ ಈ ಸೀಮೆಯ ಹತ್ತಿರಕ್ಕೆ ಬಂದಿದೆ. 2016ರಲ್ಲಿ ಧಾರವಾಡದ ವಾಲ್ಮಿ ಆವರಣದಲ್ಲಿ ತರಗತಿಗಳನ್ನು ಆರಂಭಿಸಿದ ಐಐಟಿಯು ಚಿಕ್ಕಮಲ್ಲಿಗವಾಡದ ತನ್ನ ಸ್ವಂತ ಆವರಣಕ್ಕೆ ಹೋಗಿದೆ. 2023ರ ಮಾರ್ಚಿನಲ್ಲಿ ಪ್ರಧಾನಿಗಳು ಅದನ್ನು ಉದ್ಘಾಟಿಸಿದರು. ಕಿತ್ತೂರಿನವನಿಗೆ ಅದು ಬಸ್ಸಿನಲ್ಲಿ ಸುಮಾರು ಒಂದು ತಾಸಿನ ದಾರಿ. ಆದರೆ ಅಲ್ಲಿಯ ಸೀಟುಗಳು ಇಡೀ ದೇಶಕ್ಕೆ ಸೇರಿದವು. ನೀಟ್ ಪರೀಕ್ಷೆಯನ್ನು 2017ರಿಂದ, ಜೆಇಇ ಮೇನ್ ಪರೀಕ್ಷೆಯನ್ನು 2021ರಿಂದ ಕನ್ನಡದಲ್ಲಿ ಬರೆಯಬಹುದು. ಐಐಟಿಯ ಕೊನೆಯ ಮೆಟ್ಟಿಲಾದ ಜೆಇಇ ಅಡ್ವಾನ್ಸ್ಡ್ ಮಾತ್ರ ಇಂಗ್ಲಿಷ್ ಮತ್ತು ಹಿಂದಿಗಳಲ್ಲಿಯೇ ಉಳಿದಿದೆ. ಧಾರವಾಡದ ನೆಲದ ಮೇಲಿನ ವಿದ್ಯಾಲಯಕ್ಕೆ ಧಾರವಾಡದ ಭಾಷೆಯಲ್ಲಿ ಪರೀಕ್ಷೆ ಬರೆಯಲಾಗದೆಂಬುದು ನನಗೆ ಸರಿಕಾಣದು.

ಹೆಣ್ಣುಮಕ್ಕಳ ವಿಷಯದಲ್ಲಿ ಕಿತ್ತೂರಿನ ಉದಾಹರಣೆಯೊಂದೇ ಸಾಕು. 1824ರಲ್ಲಿ ಕಂಪನಿ ಸರಕಾರದ ಸೈನ್ಯವನ್ನು ಎದುರಿಸಿದ ರಾಣಿ ಚೆನ್ನಮ್ಮನ ಹೆಸರಿನಲ್ಲಿ, 1969ರಲ್ಲಿ, ಅಲ್ಲಿ ಬಾಲಕಿಯರ ವಸತಿ ಸೈನಿಕ ಶಾಲೆ ತೆರೆಯಿತು. ಪ್ರವೇಶಪರೀಕ್ಷೆಯಲ್ಲಿ ಗೆದ್ದು ಬಂದ ಹುಡುಗಿಯರು ಅಲ್ಲಿ ಕುದುರೆ ಸವಾರಿಯನ್ನೂ ಬಂದೂಕು ಹಿಡಿಯುವುದನ್ನೂ ಕಲಿತರು. ಆದರೆ ಅಂತಹ ಶಾಲೆಯ ಹುಡುಗರು ಸಹಜವಾಗಿ ಹೋಗುವ ಖಡಕವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಬಾಗಿಲು ಹುಡುಗಿಯರಿಗೆ ತೆರೆದುದು ಸುಪ್ರೀಂ ಕೋರ್ಟು 2021ರಲ್ಲಿ ಆಜ್ಞೆ ಮಾಡಿದ ಮೇಲೆ. ಮೊದಲ ತಂಡ ಒಳಹೊಕ್ಕುದು 2022ರಲ್ಲಿ. ಶಾಲೆ ಸಿದ್ಧವಾಗಿ ಅರ್ಧ ಶತಮಾನ ಕಳೆದ ಮೇಲೆ!

ಇನ್ನು ಹಣದ ಮಾತು. ಐಐಟಿಯ ವಾರ್ಷಿಕ ಬೋಧನಾ ಶುಲ್ಕವು 2016ರಲ್ಲಿ 90,000ದಿಂದ 2,00,000 ರೂಪಾಯಿಗೆ ಏರಿತು. ಅದೇ ಹೊತ್ತಿನಲ್ಲಿ ಪರಿಶಿಷ್ಟ ಜಾತಿ ಪಂಗಡಗಳವರಿಗೂ ಅಂಗವಿಕಲರಿಗೂ, ಕುಟುಂಬದ ಆದಾಯ ವರ್ಷಕ್ಕೆ ಒಂದು ಲಕ್ಷಕ್ಕಿಂತ ಕಡಿಮೆಯಿದ್ದವರಿಗೂ ಪೂರ್ಣ ಮಾಫಿ, ಒಂದರಿಂದ ಐದು ಲಕ್ಷದವರೆಗಿನವರಿಗೆ ಮೂರರಲ್ಲಿ ಎರಡು ಪಾಲು ಮಾಫಿ ಎಂದಾಯಿತು. ಶುಲ್ಕವನ್ನು ಏರಿಸುವುದು, ಬಡವನಿಗೆ ಇಳಿಸುವುದು ಎಂಬ ಈ ನೀತಿಯು ಅಮೆರಿಕೆಯ ಸಿರಿವಂತ ವಿಶ್ವವಿದ್ಯಾಲಯಗಳಲ್ಲಿ ಇನ್ನೂ ಮುಂದೆ ಹೋಗಿದೆ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯವು 2001ರಲ್ಲಿ ವಿದ್ಯಾರ್ಥಿಗಳ ನೆರವಿನಿಂದ ಸಾಲವನ್ನೇ ತೆಗೆದು, ಅದರ ಬದಲು ಮರಳಿಸಬೇಕಿಲ್ಲದ ಅನುದಾನವನ್ನು ಕೊಡತೊಡಗಿತು. ಕುಟುಂಬದ ಆದಾಯ ಎರಡು ಲಕ್ಷ ಡಾಲರಿನವರೆಗೆ ಇದ್ದರೆ ಬೋಧನಾ ಶುಲ್ಕವೇ ಇಲ್ಲವೆಂದು ಹಾರ್ವರ್ಡ್ 2025ರಲ್ಲಿ ಸಾರಿತು. ಅವುಗಳ ಬೆನ್ನಿಗೆ ದಾನಿಗಳ ಶತಮಾನಗಳ ನಿಧಿಯಿದೆ; ಸಿರಸಂಗಿಯ ದೇಸಾಯಿಯವರು ಮಾಡಿದುದು ತತ್ತ್ವದಲ್ಲಿ ಅದೇ ಕೆಲಸ.

ನಮ್ಮಲ್ಲಿ ಪ್ರವಾಹವು ಸಾಲದ ಕಡೆಗೆ ಹರಿದಿದೆ. ಬ್ಯಾಂಕುಗಳ ಶಿಕ್ಷಣಸಾಲವು ಬಹುಕಾಲ ನಾಲ್ಕು ಲಕ್ಷದವರೆಗೆ ಮಾತ್ರ ಅಡಮಾನವೂ ಜಾಮೀನೂ ಇಲ್ಲದೆ ಸಿಗುತ್ತಿದ್ದಿತು. 2024ರ ನವೆಂಬರಿನಲ್ಲಿ ಕೇಂದ್ರವು ಒಪ್ಪಿದ ಪ್ರಧಾನಮಂತ್ರಿ ವಿದ್ಯಾಲಕ್ಷ್ಮಿ ಯೋಜನೆಯು ದೇಶದ ಮೇಲ್ದರ್ಜೆಯ 860 ಸಂಸ್ಥೆಗಳಲ್ಲಿ ಸೀಟು ಪಡೆದವರಿಗೆ ಅಡಮಾನವೂ ಜಾಮೀನೂ ಇಲ್ಲದ ಸಾಲವನ್ನು ಕೊಡಿಸುವುದು. ಅದರ ಹೊರತಾಗಿ ರಾಜ್ಯದ ಹಿಂದುಳಿದ ವರ್ಗಗಳ ಮಕ್ಕಳಿಗೆ ಹಾಸ್ಟೆಲು ಸಿಗದಿದ್ದರೆ ತಿಂಗಳ ಲೆಕ್ಕದಲ್ಲಿ ಹಣ ಕೊಡುವ ವಿದ್ಯಾಸಿರಿ. ಇಂಜಿನಿಯರಿಂಗಿನಲ್ಲಿ ವಾರ್ಷಿಕ ಆದಾಯ ಎಂಟು ಲಕ್ಷ ಮೀರದವರಿಗೆ ನೂರಕ್ಕೆ 5ರಷ್ಟು ಹೆಚ್ಚುವರಿ ಸೀಟುಗಳಲ್ಲಿ ಬೋಧನಾ ಶುಲ್ಕದ ಮಾಫಿ, ಕೌನ್ಸೆಲಿಂಗಿನಲ್ಲಿ ಎಸ್‌ಎನ್‌ಕ್ಯೂ ಎಂದು ಕಾಣುವುದು ಇದೇ. ರೈತರ ಮಕ್ಕಳಿಗೆ 2021ರ ರೈತ ವಿದ್ಯಾನಿಧಿ. ಹಿಂದಿನವರು ಕನಸಿನಲ್ಲಿಯೂ ಕಾಣದಷ್ಟು ಬಗೆಬಗೆಯ ನೆರವುಗಳು.

ಆದರೂ ಈ ಪಟ್ಟಿಯನ್ನು ಎರಡನೆಯ ಸಲ ಓದಿದರೆ ಒಂದು ಸಂಗತಿ ಕಣ್ಣಿಗೆ ರಾಚುವುದು. ದೊಡ್ಡ ನೆರವುಗಳೆಲ್ಲ ಸೀಟು ದೊರೆತ ಮೇಲೆ ಬರುವಂಥವು. ರೈತ ವಿದ್ಯಾನಿಧಿಯಲ್ಲಿ ಮೆಡಿಕಲ್, ಇಂಜಿನಿಯರಿಂಗ್ ಓದುವ ಹುಡುಗನಿಗೆ ವರ್ಷಕ್ಕೆ 10,000, ಹುಡುಗಿಗೆ 11,000. ಪಿಯುಸಿ ಓದುವವನಿಗೆ 2,500, ಓದುವವಳಿಗೆ 3,000. ಆದರೆ ಇಂದಿನ ನಿಜವಾದ ಖರ್ಚು ಬೀಳುವುದು ಆ ಪಿಯುಸಿಯ ಎರಡು ವರ್ಷಗಳಲ್ಲಿಯೇ. ಹತ್ತನೆಯ ಫಲಿತಾಂಶ ಬಂದ ವಾರದಲ್ಲಿ ಬೈಲಹೊಂಗಲದ ಬೀದಿಗಳಲ್ಲಿ ಧಾರವಾಡದ, ಕರಾವಳಿಯ, ದೂರದ ರಾಜಸ್ಥಾನದ ಕೋಟಾ ನಗರದ ವಸತಿ ಕಾಲೇಜುಗಳ ಫ್ಲೆಕ್ಸುಗಳು ಏಳುವವು: ಪಿಯುಸಿಯೊಡನೆ ನೀಟ್, ಜೆಇಇ, ಸಿಇಟಿಗಳ ಕೋಚಿಂಗ್, ಊಟ ವಸತಿ ಸೇರಿ ಲಕ್ಷಗಳ ಲೆಕ್ಕ. ಇದಕ್ಕೆ ಶಿಕ್ಷಣಸಾಲ ಸಾಮಾನ್ಯವಾಗಿ ಸಿಗದು, ಶುಲ್ಕಮಾಫಿ ಇಲ್ಲ. ಹತ್ತನೆಯಲ್ಲಿ ತಾಲೂಕಿಗೆ ಮೊದಲು ಬಂದ ಹುಡುಗಿಯು, ಅಪ್ಪ ಸೊಸೈಟಿಯಲ್ಲಿ ಕಟಬಾಕಿದಾರನೆಂಬ ಕಾರಣಕ್ಕೆ ಊರಿನಲ್ಲಿಯೇ ಕಲಾವಿಭಾಗವನ್ನು ಸೇರಿದರೆ, ಎರಡು ವರ್ಷಗಳ ಬಳಿಕ ಐಐಟಿಯು ನೀಡಬಹುದಾಗಿದ್ದ ಪೂರ್ಣ ಮಾಫಿಯು ಅವಳಿಗೆ, ಪೈರು ಒಣಗಿದ ಮೇಲೆ ನವಿಲುತೀರ್ಥದ ಕಾಲುವೆಗೆ ನೀರು ಬಿಟ್ಟಂತೆ.

ವಾರಾನ್ನದ ಮನೆಯೊಡತಿಗೆ, ಪ್ರಸಾದನಿಲಯದ ಸ್ವಾಮಿಗಳಿಗೆ ಪ್ರವೇಶನೀತಿಯ ಶಾಸ್ತ್ರ ತಿಳಿದಿರಲಿಲ್ಲ. ಆದರೆ ಹುಡುಗನು ಸೋಲುವ ವಯಸ್ಸು ಯಾವುದೆಂಬುದು ತಿಳಿದಿದ್ದಿತು. ಅವರು ಹದಿನಾಲ್ಕರ, ಹದಿನಾರರ ಹುಡುಗನಿಗೆ ಅನ್ನವಿಕ್ಕಿದರು. ಇಂದಿನ ಯೋಜನೆಗಳು ಹದಿನೆಂಟರವನನ್ನು, ಅದೂ ಗೆದ್ದು ಬಂದವನನ್ನು ಮಾತ್ರ ಗುರುತಿಸುತ್ತವೆ. ಸರಕಾರವೂ ಇದನ್ನು ಅಲ್ಪಸ್ವಲ್ಪ ಅರಿತಿದೆಯೆಂಬುದಕ್ಕೆ ಮೊರಾರ್ಜಿ ದೇಸಾಯಿ ಶಾಲೆಗಳೂ ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳೂ ಸಾಕ್ಷಿ. ಆರನೆಯ ತರಗತಿಗೆ ಪರೀಕ್ಷೆ ಬರೆದು ಸೇರಿದ ಮಗು ಹತ್ತರವರೆಗೆ ಅಲ್ಲಿ ಸುರಕ್ಷಿತ. ಅವುಗಳಲ್ಲಿ ಹೆಚ್ಚಿನವು ಹತ್ತಕ್ಕೆ ನಿಲ್ಲುವುದೇ ಕೊರತೆ.

ಆದುದರಿಂದ ಈ ನಾಲ್ಕು ಊರುಗಳ ಮಠಗಳಿಗೆ, ಶಿಕ್ಷಣ ಸಂಸ್ಥೆಗಳಿಗೆ, ಸಕ್ಕರೆ ಕಾರಖಾನೆ, ಪತ್ತಿನ ಸಂಘಗಳ ಆಡಳಿತ ಮಂಡಳಿಗಳಿಗೆ ನನ್ನ ವಿನಂತಿ ಇಷ್ಟೆ: ಮುಂದಿನ ಜೂನಿನಲ್ಲಿ ಪ್ರತಿಭಾ ಪುರಸ್ಕಾರವೆಂದು ಶಾಲು ಹೊದಿಸಿ ಎರಡು ಸಾವಿರದ ಲಕೋಟೆ ಕೊಡುವುದನ್ನು ಬಿಟ್ಟು, ಅದೇ ಹಣವನ್ನು ಒಟ್ಟುಗೂಡಿಸಿ, ತಾಲೂಕಿಗೊಂದರಂತೆ ವಿಜ್ಞಾನ ಪಿಯುಸಿಯ ಬಡ ಮಕ್ಕಳಿಗೆ, ಜಾತಿ ಕೇಳದ ಒಂದು ಉಚಿತ ನಿಲಯವನ್ನೂ ಅದರಲ್ಲಿ ಇಬ್ಬರು ಒಳ್ಳೆಯ ಮಾಸ್ತರರನ್ನೂ ಎರಡು ವರ್ಷಗಳ ಮಟ್ಟಿಗೆ ನಡೆಸಿ ನೋಡಿರಿ. ಮತ್ತು ತಂದೆತಾಯಿಗಳಲ್ಲಿ ಒಂದು ಮಾತು: ಜಾತಿ-ಆದಾಯ ಪ್ರಮಾಣಪತ್ರವನ್ನೂ, ಬಿಇಒ ಅವರ ಸಹಿಯಿರುವ ವ್ಯಾಸಂಗ ಪ್ರಮಾಣಪತ್ರವನ್ನೂ ಎರಡನೆಯ ಪಿಯುಸಿಯ ದೀಪಾವಳಿಯ ರಜೆಯೊಳಗೇ ಮಾಡಿಸಿ, ಹೆಸರಿನ ಅಕ್ಷರಗಳನ್ನು ಮಾರ್ಕ್ಸ್‌ಕಾರ್ಡಿನೊಡನೆ ತಾಳೆನೋಡಿ ಇಟ್ಟುಕೊಳ್ಳಿರಿ, ಅರ್ಜಿಯಲ್ಲಿ ಬರೆಯದೆ ಬಿಟ್ಟ ಸೌಲಭ್ಯವನ್ನು ಆಮೇಲೆ ಕೇಳಿ ಪಡೆಯುವುದು ಬಹಳ ಕಷ್ಟ.